ಬಂಗಾರಪೇಟೆಯ ಸೀಮೆಯೂ ಗ್ಯಾಸೆಟಿಯರುಗಳ ವಿವರಣಕ್ರಮವೂ

೧. ಉಪಕ್ರಮ

ಒಂದು ಸೀಮೆಯ ವರ್ಣನವು ಭೂಸ್ವರೂಪ, ಪೂರ್ವಚರಿತ್ರೆ, ಜನಸಂಖ್ಯೆ, ರಾಜ್ಯಾಡಳಿತ ಎಂಬ ನಾಲ್ಕು ಅಂಗಗಳಿಂದ ಪೂರ್ಣವಾಗುವುದೆಂಬುದು ದೇಶವಿವರಣಗ್ರಂಥಗಳನ್ನು ರಚಿಸಿದವರ ಸಾಮಾನ್ಯಮತವಾಗಿದೆ. ಮೈಸೂರು ದೇಶಕ್ಕೆ ಈ ಕ್ರಮವನ್ನು ಸಾಂಗವಾಗಿ ಅನ್ವಯಿಸಿದವರಲ್ಲಿ ಬಿ. ಎಲ್. ರೈಸರು ಮೊದಲಿಗರು. ಅವರ ಗ್ಯಾಸೆಟಿಯರು ೧೮೭೭ರ ಸುಮಾರಿನಲ್ಲಿ ಮೊದಲು ಹೊರಬಂದು, ಪರಿಷ್ಕೃತವಾಗಿ ಎರಡು ಸಂಪುಟಗಳಲ್ಲಿ ೧೮೯೭ರಲ್ಲಿ ಮತ್ತೆ ಪ್ರಕಟವಾಯಿತು. ಅನಂತರ ಸಿ. ಹಯವದನರಾಯರು ೧೯೨೭ರಿಂದ ೧೯೩೦ರವರೆಗೆ ಅದೇ ವಿಷಯವನ್ನು ಐದು ಸಂಪುಟಗಳಿಗೆ ವಿಸ್ತರಿಸಿದರು. ೧೯೬೮ರಲ್ಲಿ ಕೋಲಾರ ಜಿಲ್ಲೆಗೇ ಮೀಸಲಾದ ಸಂಪುಟವೊಂದು ಸರ್ಕಾರದಿಂದ ಪ್ರಕಟವಾಯಿತು. ಈ ಗ್ರಂಥಗಳಿಂದ ಕನ್ನಡನಾಡಿನ ಸಂಶೋಧನೆಗೆ ಒದಗಿರುವ ಉಪಕಾರವು ಅಷ್ಟಿಷ್ಟಲ್ಲ. ಆದರೂ ಈ ವಿವರಣಕ್ರಮವು ಬಂಗಾರಪೇಟೆಯ ಸೀಮೆಗೂ, ಅದರ ಮಡಿಲಲ್ಲಿ ಬೆಳೆದ ಕೋಲಾರ ಚಿನ್ನದ ಗಣಿಪ್ರದೇಶಕ್ಕೂ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಗಣಿಗಳು ಮುಚ್ಚಿ ಹೋಗಿವೆ, ಊರು ಉಳಿದಿದೆ. ಊರನ್ನು ಗಣಿಯೆಂದು ಮಾತ್ರ ಬರೆದಿಟ್ಟ ಗ್ರಂಥವು ಈಗ ಆ ಊರಿನ ವಿಷಯದಲ್ಲಿ ಮೌನವಾಗಬೇಕಾಗುತ್ತದೆ. ಈ ವಿಚಾರದ ಪ್ರಯೋಜನವು ಇಷ್ಟರಿಂದಲೇ ವಿದಿತವಾಗಬಹುದು.

೨. ನಾಮವಿಚಾರ

ಮೊದಲು ಹೆಸರನ್ನು ಪರಿಶೀಲಿಸತಕ್ಕದ್ದು. ‘ಬಂಗಾರಪೇಟೆ’ ಎಂಬ ಶಬ್ದವನ್ನು ಕೇಳಿದವರು ಅದು ಚಿನ್ನದ ಗಣಿಯಿಂದ ಬಂದ ಹೆಸರೆಂದು ತಿಳಿಯುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗರ ಹೆಸರಿನಿಂದ ಈ ಊರು ಬೌರಿಂಗ್‌ಪೇಟೆ ಎನ್ನಿಸಿಕೊಂಡಿತು. ಮದರಾಸಿನ ಕಡೆಯ ರೈಲುದಾರಿಯು ೧೮೬೪ರಲ್ಲಿ ಬೆಂಗಳೂರನ್ನು ಮುಟ್ಟಿತು. ಆ ದಾರಿಯ ಮೇಲಣ ನಿಲ್ದಾಣವೇ ಈ ಪೇಟೆಯ ಏಳಿಗೆಗೆ ಕಾರಣ. ಆಗ ಗಣಿಗಳ ಸುದ್ದಿಯೇ ಇರಲಿಲ್ಲ. ಜನರ ನಾಲಿಗೆಯು ಪರಭಾಷೆಯ ಹೆಸರನ್ನು ತನಗೆ ಅರ್ಥವಾಗುವ ಶಬ್ದವನ್ನಾಗಿ ಮಾಡಿಕೊಂಡಿತು. ಗಣಿಯ ಸಾಮೀಪ್ಯವು ಆ ಅರ್ಥಕ್ಕೆ ಪುಷ್ಟಿಯನ್ನು ಕೊಟ್ಟಿತು. ಚಿನ್ನ ದೊರೆತದ್ದು ಈ ಪೇಟೆಯಲ್ಲಿಯೂ ಅಲ್ಲ, ಕೋಲಾರ ಪಟ್ಟಣದಲ್ಲಿಯೂ ಅಲ್ಲ. ಊರಿಗಾಂ, ಮಾರಿಕುಪ್ಪ ಮೊದಲಾದ ಹಳ್ಳಿಗಳ ನೆಲದಲ್ಲಿ. ಆ ಹಳ್ಳಿಗಳ ಹೆಸರುಗಳು ಮಾತ್ರ ಗ್ರಂಥಗಳ ಶೀರ್ಷಿಕೆಗಳಲ್ಲಿ ಸ್ಥಾನವನ್ನು ಪಡೆಯಲಿಲ್ಲ.

ಶಾಸನಸಂಪುಟದಲ್ಲಿಯೂ ಇಂಥದೇ ಒಂದು ವೈಚಿತ್ರ್ಯ ಕಂಡುಬರುತ್ತದೆ. ರೈಸರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಶಾಸನಗಳು ತಾಲ್ಲೂಕುಗಳ ಅನುಕ್ರಮದಲ್ಲಿ ಜೋಡಿಸಲ್ಪಟ್ಟಿವೆ. ಅದರಿಂದಾಗಿ ಗಂಗರ, ಬಾಣರ, ನೊಳಂಬರ ಕಾಲದ ಕಲ್ಬರಹಗಳು ಸಾವಿರ ವರ್ಷಗಳ ಅನಂತರ ಹುಟ್ಟಿದ ಅಧಿಕಾರಿಯೊಬ್ಬನ ಹೆಸರಿನ ಕೆಳಗೆ ಎಣಿಸಲ್ಪಡುತ್ತಿವೆ. ಹುಡುಕುವ ಸೌಕರ್ಯಕ್ಕಾಗಿ ಮಾಡಿದ ಈ ವಿಭಾಗವನ್ನು ದೋಷವೆನ್ನಲಾಗದು. ಆದರೆ ಅದನ್ನೇ ದೇಶವಿಭಾಗವೆಂದು ತಿಳಿದರೆ ಭ್ರಾಂತಿಯಾಗುವುದು.

೩. ಒಂದು ಕೆರೆಯ ನಿದರ್ಶನ

ನಾಲ್ಕು ಅಂಗಗಳನ್ನು ಬೇರೆಬೇರೆಯಾಗಿ ನಿರೂಪಿಸುವುದರಿಂದ ಆಗುವ ಹಾನಿಯನ್ನು ಬೇತಮಂಗಲದ ಕೆರೆಯೊಂದರಿಂದಲೇ ತೋರಿಸಬಹುದು. ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಹೆಸರಾದ ಈ ಊರು ಪಾಲಾರ್ ನದಿಯ ದಡದಲ್ಲಿದೆ. ಇಲ್ಲಿಯ ಕೆರೆಯು ಒಡೆದಾಗ ನೊಳಂಬರ ಕಾಲದಲ್ಲಿ ಒಮ್ಮೆಯೂ, ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆಯೂ ಜೀರ್ಣೋದ್ಧಾರವಾಯಿತೆಂಬುದು ಶಾಸನಗಳಿಂದ ತಿಳಿದುಬರುತ್ತದೆ. ಇದು ಚರಿತ್ರೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಗೆ ಕೆರೆಗಳೇ ಜೀವಾಧಾರವಾಗಿವೆ. ಇದು ಭೂಗೋಳ. ಪಾಲಾರ್ ನದಿಯು ಕೆಳಗೆ ತಮಿಳುನಾಡಿಗೆ ಹರಿಯುವುದರಿಂದ, ಮೈಸೂರಿಗೂ ಮದರಾಸಿಗೂ ೧೮೯೨ರಲ್ಲಿ ಆದ ಒಪ್ಪಂದವು ಹೊಸ ನೀರಾವರಿ ಕೆಲಸಗಳನ್ನು ನಿಯಮಕ್ಕೆ ಒಳಪಡಿಸಿತು. ಇದು ಆಡಳಿತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಬೇತಮಂಗಲದಿಂದ ಗಣಿಪ್ರದೇಶಕ್ಕೆ ಕುಡಿಯುವ ನೀರನ್ನು ಯಂತ್ರಗಳಿಂದ ಏರಿಸಿ ಸಾಗಿಸುವ ಏರ್ಪಾಡಾಯಿತು. ಈ ನೀರಿಲ್ಲದಿದ್ದರೆ ಸಹಸ್ರಾರು ಜನರು ಆ ಒಣನೆಲದಲ್ಲಿ ನೆಲೆಸುವುದು ಕಷ್ಟಸಾಧ್ಯವಾಗಿತ್ತು. ಇದು ಜನಸಂಖ್ಯೆ.

ಹಯವದನರಾಯರ ಐದು ಸಂಪುಟಗಳು ಕ್ರಮವಾಗಿ ವರ್ಣನ, ಚರಿತ್ರೆ, ಅರ್ಥಸ್ಥಿತಿ, ಆಡಳಿತ, ಸ್ಥಳಾನುಕ್ರಮ ಎಂಬ ವಿಷಯಗಳಿಗೆ ಮೀಸಲಾಗಿವೆ. ಇಂಥ ವಿಭಾಗದಲ್ಲಿ ಒಂದೇ ಕೆರೆಯು ಐದು ಕಡೆ ಹರಿದುಹೋಗುವುದು ಅನಿವಾರ್ಯ. ನೊಳಂಬರ ಕಾಲದಲ್ಲಿ ಕಟ್ಟೆಯನ್ನು ದುರಸ್ತಿಮಾಡಿದವನಿಗೂ, ಇಪ್ಪತ್ತನೆಯ ಶತಮಾನದಲ್ಲಿ ಗಣಿಯಿಂದ ಮೇಲಕ್ಕೆ ಬಂದು ನಲ್ಲಿಯ ನೀರು ಕುಡಿದವನಿಗೂ ಇರುವ ಸಂಬಂಧವು ಯಾವ ಸಂಪುಟದಲ್ಲಿಯೂ ವಾಚಕನಿಗೆ ಒಟ್ಟಾಗಿ ಕಾಣದು. ಈ ಸಂಬಂಧವೇ ಆ ಸೀಮೆಯ ಚರಿತ್ರೆ.

೪. ಗಣಿಯ ಪೂರ್ವೋತ್ತರ

ಗಣಿಯ ಚರಿತ್ರೆಯನ್ನು ಹೇಳುವಾಗ ಎರಡು ಅತಿಗಳು ರೂಢಿಯಲ್ಲಿವೆ. ಸಿಂಧೂ ನದಿಯ ತೀರದ ಪ್ರಾಚೀನ ನಗರಗಳಿಗೆ ಚಿನ್ನ ಹೋದದ್ದು ಕೋಲಾರದಿಂದಲೇ ಎಂಬುದು ಒಂದು. ೧೮೮೦ಕ್ಕೆ ಮೊದಲು ಇಲ್ಲಿ ಏನೂ ಇರಲಿಲ್ಲವೆಂಬುದು ಇನ್ನೊಂದು. ಮೊದಲನೆಯದು ಊಹೆ, ಅದನ್ನು ಸಿದ್ಧಾಂತವೆಂದು ಹಿಡಿಯಲು ಸಾಕಾದ ಪ್ರಮಾಣವಿಲ್ಲ. ಎರಡನೆಯದು ಪ್ರತ್ಯಕ್ಷವಿರುದ್ಧ. ಏಕೆಂದರೆ ೧೮೦೨ರಲ್ಲಿ ಮೋಜಣಿಗಾಗಿ ಬಂದ ಲೆಫ್ಟಿನೆಂಟ್ ಜಾನ್ ವಾರನ್ನನಿಗೆ ಇಲ್ಲಿಯ ಚಿನ್ನದ ವಿಷಯ ಹಳ್ಳಿಯವರಿಂದಲೇ ತಿಳಿಯಿತು. ಮುಂದೆ ಬಂದ ಕಂಪೆನಿಗಳಿಗೂ ಪೂರ್ವಿಕರ ಹಳೆಯ ತೋಡುಗಳೇ ದಾರಿ ತೋರಿಸಿದವು. ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ೧೮೭೫ರಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದನು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದ ಮೇಲೆ ಕೆಲಸವು ನೆಲೆಗೊಂಡಿತು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ರೈಲುಶಾಖೆಯೂ, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯೂ ಬಂದವು. ರೈಸರ ಮೊದಲನೆಯ ಗ್ಯಾಸೆಟಿಯರಿಗೂ ಎರಡನೆಯದಕ್ಕೂ ನಡುವಣ ಇಪ್ಪತ್ತು ವರ್ಷಗಳಲ್ಲಿ ಒಂದು ನಗರವೇ ಎದ್ದುನಿಂತಿತು. ಈ ಎರಡನ್ನೂ ಜೊತೆಯಲ್ಲಿಟ್ಟು ಓದದ ಹೊರತು ಆ ಪರಿವರ್ತನದ ವೇಗವು ಮನಸ್ಸಿಗೆ ಹತ್ತುವುದಿಲ್ಲ.

೫. ಜನರು

೧೯೦೧ರ ಖಾನೇಸುಮಾರಿಯಲ್ಲಿ ಗಣಿಪ್ರದೇಶದ ಜನಸಂಖ್ಯೆ ೩೮,೨೦೪. ಜಿಲ್ಲೆಯ ಮುಖ್ಯಪಟ್ಟಣವಾದ ಕೋಲಾರದ್ದು ೧೨,೨೧೦. ಗಂಗರು ‘ಕುವಳಾಲಪುರವರೇಶ್ವರ’ರೆಂದು ಬಿರುದು ಹೊತ್ತ ಪುರಾತನ ಪಟ್ಟಣಕ್ಕಿಂತ, ಇಪ್ಪತ್ತು ವರ್ಷದ ಊರು ಮೂರರಷ್ಟು ದೊಡ್ಡದಾಯಿತು. ಹೀಗಿದ್ದರೂ ಅದು ಅಮಲ್ದಾರರ ಕಚೇರಿಯ ಲೆಕ್ಕದಲ್ಲಿ ತಾಲ್ಲೂಕಿನ ಒಂದು ಭಾಗವಾಗಿಯೇ ಉಳಿಯಿತು.

ಈ ಸಂಖ್ಯೆಯೊಳಗೆ ಯಾರಿದ್ದರೆಂಬುದು ಮುಖ್ಯವಾದ ಪ್ರಶ್ನೆ. ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳು ತೆಲುಗು ಕೂಲಿಗಾರರು, ಅವರಲ್ಲಿ ಬಹುಮಂದಿ ಅಸ್ಪೃಶ್ಯರೆಂದು ಊರಾಚೆ ಇರಿಸಲ್ಪಟ್ಟವರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರು, ಆಂಗ್ಲೋ ಇಂಡಿಯನರು, ಸುತ್ತಣ ಹಳ್ಳಿಗಳವರು. ಇವರನ್ನು ಕೇವಲ ಸಂಖ್ಯೆಯಾಗಿ ಎಣಿಸಿದರೆ ಸಾಲದು. ಅಯೋತ್ತಿದಾಸ ಪಂಡಿತರ ಬೌದ್ಧಸಂಘದ ಶಾಖೆಯು ಮಾರಿಕುಪ್ಪದಲ್ಲಿ ಬೇರೂರಿತು. ಅವರ ‘ತಮಿಳನ್’ ಪತ್ರಿಕೆಯು ಅವರ ಮರಣಾನಂತರ ಕೆಲವು ಕಾಲ ಈ ಗಣಿಪ್ರದೇಶದಿಂದಲೇ ಹೊರಟಿತು. ೧೯೩೦ರಲ್ಲಿ ಕೂಲಿಗಾರರ ಬೆರಳಚ್ಚನ್ನು ದಾಖಲಿಸುವ ಕ್ರಮವನ್ನು ವಿರೋಧಿಸಿ ದೊಡ್ಡ ಮುಷ್ಕರವು ನಡೆಯಿತು. ಎಣಿಸಲ್ಪಟ್ಟವರು ತಮ್ಮನ್ನು ಹೀಗೆ ಎಣಿಸಕೂಡದೆಂದು ಹೇಳಿದ ಈ ಪ್ರಸಂಗವನ್ನು ‘ಜನಸಂಖ್ಯೆ’ಯಲ್ಲಿ ಬರೆಯಬೇಕೋ ‘ಆಡಳಿತ’ದಲ್ಲಿ ಬರೆಯಬೇಕೋ ಎಂದು ಕೇಳಿದರೆ, ವಿಭಾಗಕ್ರಮದಲ್ಲಿ ಉತ್ತರವಿಲ್ಲ.

೬. ಆಡಳಿತ

ಗಣಿಪ್ರದೇಶದ ನೈರ್ಮಲ್ಯ, ಬೀದಿ, ಪೇಟೆಗಳ ಮೇಲ್ವಿಚಾರಣೆ ಸ್ಯಾನಿಟರಿ ಬೋರ್ಡಿನ ಕೈಯಲ್ಲಿತ್ತು. ಕೂಲಿಗಾರರು ವಾಸಮಾಡುತ್ತಿದ್ದ, ‘ಲೈನು’ಗಳೆಂದು ಕರೆಯಲ್ಪಡುವ ಸಾಲುಮನೆಗಳು ಕಂಪೆನಿಯವು. ರೆಸಿಡೆಂಟರಾಗಿದ್ದ ರಾಬರ್ಟ್‌ಸನ್ನರ ಹೆಸರಿನ ರಾಬರ್ಟ್‌ಸನ್‌ಪೇಟೆ ಯೋಜನೆಯಂತೆ ಕಟ್ಟಿದ ಪಟ್ಟಣ. ಪೋಲೀಸು ಆಡಳಿತದಲ್ಲಿ ಈ ಪ್ರದೇಶವು ಇಂದಿಗೂ ಪ್ರತ್ಯೇಕ ಜಿಲ್ಲೆ. ಕಾವಲಿಗೆ ಜಿಲ್ಲೆಯಾದ ಊರು ಕಂದಾಯಕ್ಕೆ ತಾಲ್ಲೂಕೂ ಆಗದೆ ಒಂದು ಶತಮಾನಕ್ಕೂ ಮೀರಿ ಉಳಿದದ್ದು ಗಮನಾರ್ಹ.

ದೇಶಾಂತರದ ನಿದರ್ಶನವೊಂದು ಇಲ್ಲಿ ಉಪಯುಕ್ತವಾದೀತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೮೫೧ರಲ್ಲಿ ಏರ್ಪಟ್ಟ ನೆವಾಡಾ ಕೌಂಟಿಯೂ ಚಿನ್ನದ ಸೀಮೆಯೇ. ಅಲ್ಲಿಯ ಗ್ರಾಸ್ ವ್ಯಾಲಿಯ ಎಂಪೈರ್ ಗಣಿಗೂ ಕಾರ್ನ್‌ವಾಲಿನ ಗಣಿಗಾರರೇ ಹೋದರು. ಆದರೆ ಅಲ್ಲಿ ಕೌಂಟಿಯ ಆಡಳಿತವು ನಿವಾಸಿಗಳು ಚುನಾಯಿಸುವ ಮಂಡಲಿಯದು. ಗಣಿಯು ಆ ಕೌಂಟಿಯೊಳಗಣ ಒಂದು ಸ್ವತ್ತು. ೧೯೫೬ರಲ್ಲಿ ಎಂಪೈರ್ ಗಣಿ ಮುಚ್ಚಿತು, ಕೌಂಟಿಯು ಮುಂದುವರಿಯಿತು. ಇಲ್ಲಿ ಅದೇ ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾಗಿ, ೧೯೬೨ರಲ್ಲಿ ಕೇಂದ್ರಸರ್ಕಾರಕ್ಕೆ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಕೈಗೆ ಬಂದವು. ಒಡೆಯರು ಬದಲಾದರು, ಊರಿನ ಮನೆ, ನೀರು, ಆಸ್ಪತ್ರೆಗಳು ಗಣಿಯ ಲೆಕ್ಕಕ್ಕೇ ಸೇರಿದ್ದವು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದಾಗ ಗಣಿಯೊಡನೆ ಊರಿನ ಆಧಾರವೂ ಕುಸಿಯಿತು. ಭೇದದ ಮೂಲವು ಚಿನ್ನದ ಪರಿಮಾಣದಲ್ಲಿಲ್ಲ, ಆಡಳಿತದ ರಚನೆಯಲ್ಲಿದೆ.

೭. ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ವಿಷಯವಿಭಾಗವಿಲ್ಲದೆ ಗ್ಯಾಸೆಟಿಯರನ್ನು ಬರೆಯುವುದೆಂತು ಎಂಬುದು ಮೊದಲನೆಯದು. ವಿಭಾಗವು ಬೇಡವೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ತರ್ಕಶಾಸ್ತ್ರದಲ್ಲಿ ಗೋವಿಗೆ ಕಪಿಲವರ್ಣವನ್ನು ಲಕ್ಷಣವಾಗಿ ಹೇಳಿದರೆ ಅವ್ಯಾಪ್ತಿದೋಷವೆನ್ನುತ್ತಾರೆ. ಕಪಿಲವಲ್ಲದ ಗೋವುಗಳು ಅದರಿಂದ ಹೊರಗುಳಿಯುತ್ತವೆ. ಚಿನ್ನವನ್ನೇ ಈ ಊರಿನ ಲಕ್ಷಣವೆಂದರೂ ಅದೇ ದೋಷ. ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆ, ೧೯೬೫ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ನ್ಯೂಟ್ರಿನೋ ಕಣಗಳನ್ನು ಗುರುತಿಸಿದ ವಿಜ್ಞಾನಿಗಳ ಕಾರ್ಯ, ಮಾರಿಕುಪ್ಪದ ಬೌದ್ಧರು, ಬೇತಮಂಗಲದ ಕೆರೆ, ಇವೆಲ್ಲವೂ ಆ ಲಕ್ಷಣಕ್ಕೆ ಹೊರಗಾಗುತ್ತವೆ. ಸ್ಥಳವನ್ನು ಪ್ರಧಾನಮಾಡಿ, ಅಂಗಗಳನ್ನು ಅದಕ್ಕೆ ಅಧೀನಮಾಡಿದರೆ ದೋಷವು ಪರಿಹಾರವಾಗುವುದು.

ತಮಿಳು ತೆಲುಗುಗಳೇ ಹೆಚ್ಚಾಗಿರುವ ಈ ಊರಿನ ಚರಿತ್ರೆ ಕನ್ನಡದ ವಿದ್ವಾಂಸರಿಗೇಕೆ ಎಂಬುದು ಎರಡನೆಯ ಆಕ್ಷೇಪ. ಕೋಲಾರ ಜಿಲ್ಲೆಯು ಎಂದೂ ಏಕಭಾಷೆಯ ನಾಡಾಗಿರಲಿಲ್ಲ. ಬಾಣರೂ ನೊಳಂಬರೂ ಚೋಳರೂ ಆಳಿದ ಈ ನೆಲದಲ್ಲಿ ಮೂರು ಭಾಷೆಗಳ ಶಾಸನಗಳೂ ಇವೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರ ಕನ್ನಡವನ್ನು ಪರಕೀಯವೆಂದವರಿಲ್ಲ. ಮನೆಮಾತಿನ ಕಾರಣದಿಂದ ಒಂದು ನಗರವನ್ನೇ ನಾಡಿನ ಚರಿತ್ರೆಯಿಂದ ಹೊರಗಿಟ್ಟರೆ ಅದರಿಂದ ಕುಗ್ಗುವುದು ನಾಡಿನ ಚರಿತ್ರೆಯೇ.

೮. ಉಪಸಂಹಾರ

೧೯೬೮ರ ಸಂಪುಟವು ವರ್ಣಿಸಿದ ಜಿಲ್ಲೆಯು ಈಗ ಆ ರೂಪದಲ್ಲಿಲ್ಲ. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಯಿತು. ೨೦೧೧ರ ಜನಗಣತಿಯಲ್ಲಿ ಉಳಿದ ಕೋಲಾರ ಜಿಲ್ಲೆಯ ಜನಸಂಖ್ಯೆ ೧೫,೩೬,೪೦೧. ೨೦೧೮ರಲ್ಲಿ ಗಣಿಪ್ರದೇಶವು ಬಂಗಾರಪೇಟೆಯಿಂದ ಬೇರ್ಪಟ್ಟು ಬೇತಮಂಗಲವನ್ನೊಳಗೊಂಡು ಪ್ರತ್ಯೇಕ ತಾಲ್ಲೂಕಾಯಿತು. ಗಣಿಗೆ ಆಳನ್ನೂ ಸಾಮಗ್ರಿಯನ್ನೂ ತರಲು ಹಾಕಿದ ರೈಲುದಾರಿಯಲ್ಲಿ ಈಗ ಸಹಸ್ರಾರು ಮಂದಿ ಬೆಳಗಿನ ಜಾವದಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಸೈನೈಡ್ ದಿಬ್ಬಗಳು ಊರಿನ ನಡುವೆ ನಿಂತಿವೆ; ಲೈನುಗಳಲ್ಲಿ ಮೂರು ನಾಲ್ಕು ತಲೆಮಾರಿನ ಕುಟುಂಬಗಳು ವಾಸವಾಗಿವೆ.

ಹೊಸ ತಾಲ್ಲೂಕಿಗೆ ಹೊಸ ವಿವರಣಗ್ರಂಥವು ಅವಶ್ಯವಾಗಿದೆ. ಅದರಲ್ಲಿ ಊರಿಗಾಂ ಮತ್ತು ಮಾರಿಕುಪ್ಪದ ಹಳ್ಳಿಗಳು, ವಿಜಯಾದಿತ್ಯಮಂಗಲದ ಶಾಸನಗಳು, ಲೈನುಗಳ ವೃದ್ಧರ ನೆನಪುಗಳು, ಸ್ಯಾನಿಟರಿ ಬೋರ್ಡಿನ ಕಡತಗಳು ಏಕತ್ರ ಸೇರಬೇಕು. ಶಾಸನಗಳು ಕಲ್ಲಿನ ಮೇಲಿರುವುದರಿಂದ ಸಾವಿರ ವರ್ಷ ಕಾದವು. ವೃದ್ಧರ ನೆನಪುಗಳು ಅಷ್ಟು ಕಾಲ ಕಾಯಲಾರವು. ಆದುದರಿಂದ ಈ ಕಾರ್ಯದಲ್ಲಿ ಮೊದಲು ಕೈಹಾಕಬೇಕಾದದ್ದು ಲೈನುಗಳಲ್ಲಿ. ಗ್ರಂಥಭಂಡಾರದ ಕೆಲಸವು ಅನಂತರ ನಡೆಯಬಹುದು.