ಒಂದೇ ಪಂಕ್ತಿ, ಎರಡು ರೊಟ್ಟಿ

ವಿಡಂಬನೆ ಅಂದರೆ ನಗಿಸುವುದು ಅಂತ ಬಿ.ಎ. ತರಗತಿಯಲ್ಲಿ ನಮಗೆ ಹೇಳಿಕೊಟ್ಟರು. ರೋಮಿನ ಜುವೆನಾಲನನ್ನು ಓದಿದಾಗ ನಮಗೆ ನಗು ಬರಲಿಲ್ಲ.

ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿದ್ದ ಈ ಕವಿಯ 16 ವಿಡಂಬನೆಗಳಲ್ಲಿ ಐದನೆಯದು ಒಂದು ಊಟದ ಕಥೆ. ವಿರ್ರೋ ಧಣಿ, ಟ್ರೆಬಿಯಸ್ ಅವನ ಆಶ್ರಿತ. ನಿದ್ದೆಗೆಟ್ಟು ನಸುಕಿನಲ್ಲೇ ಧಣಿಯ ಬಾಗಿಲಿಗೆ ಓಡುವವನಿಗೆ ಎರಡು ತಿಂಗಳಿಗೊಮ್ಮೆ ಕರೆ ಬರುತ್ತದೆ, ಅದೂ ಒಂದು ಜಾಗ ಖಾಲಿ ಉಳಿಯಬಾರದು ಅಂತ. ಧಣಿಗೆ ಮೆತ್ತನೆಯ ಬಿಳಿ ರೊಟ್ಟಿ, ಇವನಿಗೆ ಹಲ್ಲು ಮುರಿಯುವ ಬೂಷ್ಟು ರೊಟ್ಟಿ. ಮರೆತು ಬಿಳಿಯದಕ್ಕೆ ಕೈಚಾಚಿದರೆ ಬಡಿಸುವವನು ಗದರುತ್ತಾನೆ. ಧಣಿಗೆ ಕಡಲ ದೊಡ್ಡ ಸಿಗಡಿ, ಇವನಿಗೆ ಅರ್ಧ ಮೊಟ್ಟೆಯ ಜೊತೆ ಒಂದು ಏಡಿ. ಧಣಿಗೆ ದೂರದ ಕಾರ್ಸಿಕಾದಿಂದ ತಂದ ಮೀನು, ಇವನಿಗೆ ಟೈಬರ್ ನದಿಯಲ್ಲಿ ಚರಂಡಿ ತಿಂದು ಕೊಬ್ಬಿದ ಮೀನು. ಕುಡಿಯುವ ನೀರೂ ಬೇರೆ!

ಇದಕ್ಕೆ ನಮ್ಮಲ್ಲಿ ಹೆಸರು ಹುಡುಕಬೇಕಾಗಿಲ್ಲ. ಪಂಕ್ತಿಭೇದ. ಆದರೆ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು; ಟ್ರೆಬಿಯಸ್ ಮುಟ್ಟಿದರೆ ಮೈಲಿಗೆಯಿಲ್ಲ, ಅವನನ್ನು ಒಳಗೇ ಕೂರಿಸಿದ್ದಾರೆ. ಜುವೆನಾಲನಿಗಿಂತ ಹಿರಿಯನಾದ ಮಾರ್ಷಿಯಲ್‌ನದೂ ಇದೇ ಗೋಳು.

ಇದು ಜಿಪುಣತನವಲ್ಲ, ಹಸಿದವನ ಗಂಟಲು ಅಳುವುದನ್ನು ನೋಡುವ ಮೋಜು ಎಂದು ಜುವೆನಾಲ್ ಗುರುತಿಸುತ್ತಾನೆ. ದೊಡ್ಡ ಮಾತು. ಆದರೆ ಕೊನೆಗೆ ಚಾಟಿ ಬೀಳುವುದು ಯಾರ ಮೈಮೇಲೆ? ಟ್ರೆಬಿಯಸ್ ಮೇಲೆ. ಸಹಿಸಿಕೊಳ್ಳುವವನಿಗೆ ಹೀಗೇ ಆಗಬೇಕಂತೆ. ಇದಕ್ಕಿಂತ ಸೇತುವೆ ಮೇಲೆ ಕೂತು ಭಿಕ್ಷೆ ಬೇಡು ಎಂದು ಆರಂಭದಲ್ಲೇ ಹೇಳಿಬಿಟ್ಟಿದ್ದಾನೆ. ಹೇಳೋದು ಸುಲಭ.

ಈ ಸಿಟ್ಟು ಸ್ವತಂತ್ರ ಪ್ರಜೆಯ ತಟ್ಟೆಯ ಅಂಚಿಗೇ ನಿಂತುಬಿಡುತ್ತದೆ. ಟ್ರೆಬಿಯಸ್‌ಗೆ ನೀರು ಕೊಡುವುದು ಆಫ್ರಿಕಾದ ಕಪ್ಪು ಆಳಿನ ಮೂಳೆ ಎದ್ದ ಕೈ. ಅಂಥ ಕೈಯಿಂದ ನೀರು ಕುಡಿಯಬೇಕಾದದ್ದು ಟ್ರೆಬಿಯಸ್‌ಗಾದ ಇನ್ನೊಂದು ಅವಮಾನ ಅಂತ ಕವಿಯ ಲೆಕ್ಕ. ಆ ಕೈಗೆ ಆ ರಾತ್ರಿ ಊಟ ಸಿಕ್ಕಿತೋ ಇಲ್ಲವೋ, ಕವಿ ಕೇಳುವುದಿಲ್ಲ.

ಇವರಿಗಿಂತ ಮೊದಲಿನವನು ಹೊರೇಸ್, ಕ್ರಿ.ಪೂ. ಒಂದನೆಯ ಶತಮಾನದವನು. ಗುಲಾಮಗಿರಿಯಿಂದ ಬಿಡುಗಡೆಯಾದವನ ಮಗ. ಸಂಜೆ ಮನೆಗೆ ಬಂದರೆ ತನ್ನದು ಈರುಳ್ಳಿ ಜಾತಿಯ ಸೊಪ್ಪು, ಕಡಲೆಯ ಬಡ ಊಟ ಎಂದು ಹೆಮ್ಮೆಪಡುತ್ತಾನೆ. ಆ ಬಡ ಊಟ ಬಡಿಸುವವರು ಮೂವರು ಗುಲಾಮ ಹುಡುಗರು! ಬಿಡುಗಡೆಯಾದವನ ಮಗನ ಮನೆಯಲ್ಲಿ. ಮನೆತನಕ್ಕೆ ಮೊದಲ ಡಿಗ್ರಿ ತಂದ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಜುವೆನಾಲನ ಹನ್ನೊಂದನೆಯ ವಿಡಂಬನೆಯಲ್ಲಿ ಮಾತ್ರ ಒಂದು ಬಿರುಕು ಇದೆ. ಈ ಸಲ ಗೆಳೆಯನನ್ನು ಕರೆದಿರುವವನು ಕವಿಯೇ. ಆಡಂಬರವಿಲ್ಲದ ಊಟ, ತನ್ನ ಹೊಲದಿಂದ ಬಂದ ಕೊಬ್ಬಿದ ಆಡಿನ ಮರಿಯೇ ಅದರಲ್ಲಿ ವಿಶೇಷ. ಬಡಿಸುವ ಆಳುಗಳೂ ದುಬಾರಿಯವರಲ್ಲ ಅಂತ ತೋರಿಸಲು ಒಬ್ಬ ಹುಡುಗನ ಮಾತು ತೆಗೆಯುತ್ತಾನೆ. ದನ ಕುರಿ ಕಾಯುವವರ ಮಗ. ಬಹಳ ದಿನದಿಂದ ನೋಡದ ಅವ್ವನನ್ನು, ಗುಡಿಸಲನ್ನು, ತಾನು ಆಡಿಸಿದ ಆಡಿನ ಮರಿಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾನಂತೆ. ಕವಿ ಅಷ್ಟು ಹೇಳಿ ಮುಂದೆ ಹೋಗುತ್ತಾನೆ. ಹುಡುಗ ಬಡಿಸುತ್ತಿರುವುದೂ ಆಡಿನ ಮರಿಯನ್ನೇ.