ತಂತಿಯ ಶ್ರುತಿಯನ್ನು ಆಯುವ ಪ್ರಶ್ನೆ: ಒಂದು ವಿಮರ್ಶೆ

ತಂತಿವಾದ್ಯವನ್ನು ಶ್ರುತಿಗೂಡಿಸುವುದು ಸಂಗೀತಕ್ಕೆ ಪೂರ್ವಸಿದ್ಧತೆಯೇ ಹೊರತು ಸಂಗೀತವಲ್ಲವೆಂಬ ಭಾವನೆ ನಮ್ಮ ವಿಮರ್ಶಕರಲ್ಲಿ ಬೇರೂರಿದೆ. ಕಚೇರಿಯ ವರದಿಗಳಲ್ಲಿ ಗಾಯಕನ ಆಲಾಪಕ್ಕೂ ತಾನಿಗೂ ಬೇಕಾದಷ್ಟು ಸ್ಥಳ ದೊರೆಯುತ್ತದೆ. ಅವನ ಬೆನ್ನ ಹಿಂದಿನ ತಂಬೂರಿಯ ಮೊದಲ ತಂತಿ ಯಾವ ಸ್ವರಕ್ಕೆ ಕೂಡಿತ್ತೆಂಬುದಕ್ಕೆ ಒಂದು ಸಾಲೂ ದೊರೆಯುವುದಿಲ್ಲ. ರಾಗದ ಬಗೆಗೆ ಕಲಾವಿದನು ಮಾಡುವ ಮೊದಲ ತೀರ್ಮಾನವು ಬಿರಡೆಯನ್ನು ತಿರುಗಿಸುವಾಗಲೇ ನಡೆದುಹೋಗಿರುತ್ತದೆ. ಆ ತೀರ್ಮಾನವನ್ನು ವಿಮರ್ಶೆಯ ಕಕ್ಷೆಗೆ ತರಬೇಕೆಂಬುದು ಪ್ರಕೃತ ಲೇಖನದ ಉದ್ದೇಶ. ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ಸಂಗೀತಜ್ಞನಲ್ಲ. ಶಾಸ್ತ್ರಗ್ರಂಥಗಳ ದಾರಿಯಿಂದ ಈ ವಿಷಯಕ್ಕೆ ಬಂದವನು.

ವಿಷಯಕ್ಕೆ ಪ್ರೇರಣೆಯಾದುದು ಒಂದು ಸಣ್ಣ ಪ್ರಸಂಗ. ಸೊರಟೂರಿನ ಒಂದು ಮನೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು, ತಂತಿಗಳ ಮೇಲೆ ಜಾರಿಸುತ್ತ ಮಾಲಕಂಸ ರಾಗವನ್ನು ನುಡಿಸುತ್ತಿದ್ದನು. ತಂತಿಗಳನ್ನು ಅವನು ಹವಾಯಿ ದ್ವೀಪದವರ ರೂಢಿಯಂತೆ ಕೂಡಿಸಿದ್ದನು. ನಮ್ಮ ಹೆಸರುಗಳಲ್ಲಿ ಹೇಳುವುದಾದರೆ, ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಪಂಚಮ, ಷಡ್ಜ, ಪಂಚಮ, ಷಡ್ಜ, ಶುದ್ಧ ಗಾಂಧಾರ, ಪಂಚಮ. ಮಾಲಕಂಸದಲ್ಲಿ ರಿಷಭವಿಲ್ಲ, ಪಂಚಮವಿಲ್ಲ, ಗಾಂಧಾರವು ಕೋಮಲ. ಅಂದಮೇಲೆ ಆರು ತಂತಿಗಳಲ್ಲಿ ನಾಲ್ಕು ಆ ರಾಗಕ್ಕೆ ಹೊರಗಿನವು. ಉಕ್ಕು ಮೇಲೆದ್ದು ಬಿಡಿತಂತಿಗೆ ಬೆರಳು ತಗಲಿದಾಗಲೆಲ್ಲ ರಾಗ ಒಡೆಯುತ್ತಿತ್ತು. “ಸರ, ಈ ತಂತಿ ಇಳಸಬೇಕೋ, ತಗದ ಬಿಡಬೇಕೋ?” ಎಂದು ಅವನು ಕೇಳಿದನು. ಅಮೇರಿಕದಲ್ಲಿ ಕಾಲಿನಿಂದ ತುಳಿದು ತಂತಿಯ ಸ್ವರವನ್ನು ಬದಲಿಸುವ ಪೆಡಲ್ ಸ್ಟೀಲ್ ಗಿಟಾರಿದೆಯೆಂದೂ, ಅಂಥದೊಂದು ದೊರೆತರೆ ತೊಡಕೇ ತೀರುವುದೆಂದೂ ಅವನ ಎಣಿಕೆ. ನಾನು ಆಗ ಉತ್ತರ ಹೇಳಲಾರದೆ ಹೋದೆನು.

ಇಂಥ ಪ್ರಶ್ನೆಗೆ ಪಠ್ಯಪುಸ್ತಕಗಳು ಸಿದ್ಧಪಡಿಸಿಟ್ಟಿರುವ ಉತ್ತರ ತಂಬೂರಿಗೆ ಸಂಬಂಧಿಸಿದುದು. ರಾಗದಲ್ಲಿ ಪಂಚಮವಿದ್ದರೆ ಮೊದಲ ತಂತಿ ಪಂಚಮಕ್ಕೆ. ಪಂಚಮವಿಲ್ಲದೆ ಶುದ್ಧ ಮಧ್ಯಮವಿದ್ದರೆ ಮಧ್ಯಮಕ್ಕೆ. ಮಾರವಾ, ಪೂರಿಯಾಗಳಂತೆ ಎರಡೂ ಇಲ್ಲದಿದ್ದರೆ ನಿಷಾದಕ್ಕೆ. ಉಳಿದ ಮೂರು ತಂತಿಗಳು ಷಡ್ಜದವು. ನಿಯಮವು ಸುಲಭವಾಗಿದೆ, ಬಹುಮಟ್ಟಿಗೆ ಉಪಯುಕ್ತವೂ ಆಗಿದೆ. ಆದರೆ ಇದು ವರ್ಜ್ಯಸ್ವರವನ್ನು ತಳ್ಳಿಹಾಕುವ ನಿಯಮವೇ ಹೊರತು ಸ್ವರವನ್ನು ಆಯುವ ನಿಯಮವಲ್ಲ. ತಂತಿಯೊಂದು ತನ್ನ ಸ್ವರವನ್ನು ಮಾತ್ರವೇ ನುಡಿಯುವುದೆಂದು ಇದು ತಿಳಿದಂತಿದೆ. ಜವಾರಿ ಚೆನ್ನಾಗಿ ತೆರೆದ ತಂಬೂರಿಯ ಮುಂದೆ ಅರ್ಧ ಗಳಿಗೆ ಕುಳಿತವರಿಗೆ ಹಾಗಲ್ಲವೆಂಬುದು ಗೊತ್ತು. ಖರ್ಜದ ಷಡ್ಜದಿಂದಲೇ ಪಂಚಮವೂ ಶುದ್ಧ ಗಾಂಧಾರವೂ ಎದ್ದುಬರುತ್ತವೆ; ಮೊದಲನೆಯದು ತಂತಿಯ ಮೂರನೆಯ ಅಂಶದ ಕಂಪನದಿಂದ, ಎರಡನೆಯದು ಐದನೆಯ ಅಂಶದ ಕಂಪನದಿಂದ. ಅದೇ ಕ್ರಮದಲ್ಲಿ ಪಂಚಮದ ತಂತಿಯು ಶುದ್ಧ ರಿಷಭವನ್ನೂ ಶುದ್ಧ ನಿಷಾದವನ್ನೂ ಹೊತ್ತು ತರುತ್ತದೆ. ಮಧ್ಯಮದ ತಂತಿಯು ಷಡ್ಜವನ್ನೂ ಶುದ್ಧ ಧೈವತವನ್ನೂ. ನಿಷಾದದ ತಂತಿಯು ಮೊಟ್ಟಮೊದಲು ತೀವ್ರ ಮಧ್ಯಮವನ್ನು.

ಈ ಕೊನೆಯ ಸಂಗತಿ ಗಮನಾರ್ಹವಾದುದು. ಮಾರವಾ ರಾಗದ ಮಧ್ಯಮವು ತೀವ್ರ. ಹಾಗಾದರೆ ಅಲ್ಲಿ ನಿಷಾದವನ್ನಿಡುವುದು ಬೇರೆ ಗತಿಯಿಲ್ಲದುದರಿಂದಲ್ಲ. ಆ ತಂತಿಯು ರಾಗದ ಮಧ್ಯಮವನ್ನು ತನ್ನ ಗರ್ಭದಲ್ಲಿಯೇ ಇಟ್ಟುಕೊಂಡಿದೆ. ನಮ್ಮ ಧಾರವಾಡ ಸೀಮೆಯಲ್ಲಿ ಸವಾಯಿ ಗಂಧರ್ವರಿಂದ (1886–1952) ಬೆಳೆದುಬಂದ ಕಿರಾಣಾ ಪರಂಪರೆಯಲ್ಲಿ, ಯಮನದಂಥ ಪಂಚಮವುಳ್ಳ ರಾಗಕ್ಕೂ ಒಂದು ತಂಬೂರಿಯನ್ನಾದರೂ ನಿಷಾದಕ್ಕೆ ಕೂಡಿಸುವ ರೂಢಿ ಕಾಣಬರುತ್ತದೆ. ಪಠ್ಯಪುಸ್ತಕದ ನಿಯಮದಂತೆ ಇದು ಅನಾವಶ್ಯಕ. ಆದರೆ ಯಮನದ ಮಧ್ಯಮವೂ ತೀವ್ರವೇ. ಅದರ ಆಲಾಪ ನಿಷಾದದಿಂದ ಮೇಲೇಳುವುದೂ, ಏರುವಾಗ ಪಂಚಮವನ್ನು ಹಲವು ಸಲ ದಾಟಿಹೋಗುವುದೂ ಕೇಳುಗರಿಗೆ ತಿಳಿದುದೇ. ಗಾಯಕರ ಕಿವಿ ನಿಯಮಕ್ಕಿಂತ ಮುಂದೆ ಹೋಗಿದೆ.

ಹಾಗೆಂದು ಈ ಸ್ವಯಂಭೂ ಸ್ವರಗಳ ಲೆಕ್ಕವನ್ನೇ ಹೊಸ ನಿಯಮವನ್ನಾಗಿ ಮಾಡಹೊರಟರೆ ಅದೂ ನಿಲ್ಲುವುದಿಲ್ಲ. ಮಾಲಕಂಸದಲ್ಲಿ ಮಧ್ಯಮದ ತಂತಿಯಿಂದ ಏಳುವ ಶುದ್ಧ ಧೈವತವು ರಾಗದ ಕೋಮಲ ಧೈವತಕ್ಕೆ ವಿರೋಧಿ. ಖರ್ಜದಿಂದ ಏಳುವ ಶುದ್ಧ ಗಾಂಧಾರವೂ ಹಾಗೆಯೇ. ಆದರೂ ಮಾಲಕಂಸವನ್ನು ಶತಮಾನಗಳಿಂದ ಹಾಡುತ್ತ ಬಂದಿದ್ದೇವೆ. ಕಿವಿಯು ಕೆಲವನ್ನು ಕೇಳುತ್ತದೆ, ಕೆಲವನ್ನು ಕ್ಷಮಿಸುತ್ತದೆ. ಯಾವುದನ್ನು ಕ್ಷಮಿಸಬೇಕೆಂಬುದೇ ಆಯ್ಕೆ.

ಇನ್ನು ಇತಿಹಾಸದ ಕಡೆಗೆ ಬರೋಣ. ಸೊರಟೂರ ಎಂಬ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು ಸುಮಾರು 1191ರ ಕಾಳಗದಿಂದ. ಹೊಯ್ಸಳ ವೀರಬಲ್ಲಾಳನು ಸೇವುಣರ ಐದನೆಯ ಭಿಲ್ಲಮನನ್ನು ಇಲ್ಲಿ ಸೋಲಿಸಿದನು. ಸೋತ ಆ ಭಿಲ್ಲಮನ ಮೊಮ್ಮಗನಾದ ಸಿಂಘಣನ ಆಸ್ಥಾನದಲ್ಲಿಯೇ ಶಾರ್ಙ್ಗದೇವನು ಅಧಿಕಾರಿಯಾಗಿದ್ದು ‘ಸಂಗೀತ ರತ್ನಾಕರ’ವನ್ನು ರಚಿಸಿದನು. ಅದರಲ್ಲಿ ಇಪ್ಪತ್ತೆರಡು ತಂತಿಗಳ ಎರಡು ವೀಣೆಗಳ ಪ್ರಯೋಗವೊಂದು ಬರುತ್ತದೆ. ಧ್ರುವವೀಣೆಯ ತಂತಿಗಳು ಕದಲಬಾರದು. ಚಲವೀಣೆಯ ತಂತಿಗಳನ್ನು ಒಂದೊಂದೇ ಶ್ರುತಿಯಷ್ಟು ಇಳಿಸುತ್ತ ಹೋಗಬೇಕು. ಭರತನಿಂದ ಬಂದ ವಿಧಾನವಿದು. ಶ್ರುತಿಗಳ ಸಂಖ್ಯೆಯ ಬಗೆಗೆ ನಮ್ಮಲ್ಲಿ ನಡೆದ ಚರ್ಚೆಗೆ ಮಿತಿಯಿಲ್ಲ; ಒಂದನ್ನು ಕದಲಿಸಬೇಕಾದರೆ ಕದಲದ ಇನ್ನೊಂದು ಎದುರಿಗಿರಬೇಕೆಂಬ ಸರಳ ವಿವೇಕದ ಕಡೆಗೆ ಮಾತ್ರ ಗಮನ ಹೋದುದು ಕಡಿಮೆ.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ ಬರುವವನು ವಿಜಯನಗರದ ರಾಮಾಮಾತ್ಯ. ‘ರತ್ನಾಕರ’ಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ಮೊಮ್ಮಗನಾದ ಈತನು 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದನು. ಶುದ್ಧಮೇಳ ವೀಣೆಯ ನಾಲ್ಕು ತಂತಿಗಳು ಅವನಲ್ಲಿ ಷಡ್ಜ, ಪಂಚಮ, ಷಡ್ಜ, ಮಧ್ಯಮ. ಮಧ್ಯಮೇಳ ವೀಣೆಯವು ಪಂಚಮ, ಷಡ್ಜ, ಪಂಚಮ, ಷಡ್ಜ. ಇಷ್ಟಲ್ಲದೆ ಅವನು ಇನ್ನೊಂದು ಭೇದವನ್ನು ಹೇಳುತ್ತಾನೆ: ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲುಗಳನ್ನು ನಿಲ್ಲಿಸಿದುದು ಸರ್ವರಾಗಮೇಳ ವೀಣೆ, ಒಂದೇ ರಾಗಕ್ಕೆ ಬೇಕಾದಷ್ಟನ್ನು ಇರಿಸಿಕೊಂಡುದು ಏಕರಾಗಮೇಳ ವೀಣೆ. ಮೇಣದಲ್ಲಿ ಮೆಟ್ಟಿಲುಗಳನ್ನು ಕೂರಿಸಿದ ಇಂದಿನ ವೀಣೆಯು ಮೊದಲನೆಯ ದಾರಿಯದು. ದಾರದಿಂದ ಕಟ್ಟಿದ ಪರದೆಗಳನ್ನು ರಾಗಕ್ಕೆ ತಕ್ಕಂತೆ ಸರಿಸುವ ಸಿತಾರದಲ್ಲಿ ಎರಡನೆಯದರ ಜಾಡು ಉಳಿದಿದೆ. ಧಾರವಾಡದಲ್ಲಿ ನೆಲೆಸಿದ ಸಿತಾರರತ್ನ ರಹಿಮತ್ ಖಾನರು ಮಂದ್ರದ ತಂತಿಗಳನ್ನು ಕೂಡಿಸಿ ಆ ವಾದ್ಯದ ತಂತಿಗಳ ಯೋಜನೆಯನ್ನೇ ಬದಲಿಸಿದರೆಂಬುದು ಈ ಭಾಗದಲ್ಲಿ ಪ್ರಸಿದ್ಧ.

ಓದುಗರು ಇಷ್ಟರಲ್ಲಿಯೇ ಗಮನಿಸಿರಬಹುದು: ನಮ್ಮ ವಿದ್ಯಾರ್ಥಿಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಕ್ರಮವು ರಾಮಾಮಾತ್ಯನ ಮಧ್ಯಮೇಳ ವೀಣೆಯದೇ ಆಗಿದೆ. ವಿಜಯನಗರದಿಂದ ಹವಾಯಿಗೆ ದಾರಿ ಕಟ್ಟುವ ಉತ್ಸಾಹಿಗಳಿಗೆ ಇಷ್ಟು ಸಾಕು. ಅಂಥ ದಾರಿಗೆ ಯಾವ ಆಧಾರವೂ ಇಲ್ಲ. ತಂತಿಯ ಮೇಲೆ ಉಕ್ಕನ್ನು ಜಾರಿಸುವ ಹವಾಯಿ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಕೀರ್ತಿ ಜೋಸೆಫ್ ಕೆಕುಕು ಎಂಬವನಿಗೆ ಸಲ್ಲುತ್ತದೆ. ಷಡ್ಜ–ಪಂಚಮಗಳ ಹೊಂದಿಕೆ ತಂತಿಯ ಸ್ವಭಾವದಲ್ಲಿಯೇ ಇರುವುದರಿಂದ ಇಬ್ಬರೂ ಬೇರೆ ಬೇರೆಯಾಗಿ ಅಲ್ಲಿಗೆ ತಲುಪಿದರು. ಸಾಮ್ಯವು ವಂಶಾವಳಿಯಲ್ಲ. ಬೇರೆಯಾದುದು ಐದನೆಯ ತಂತಿ. ಹವಾಯಿಯವನಿಗೆ ಸ್ವರಗಳ ಗುಚ್ಛ ಬೇಕು, ಆದುದರಿಂದ ಗಾಂಧಾರ ಬೇಕು. ರಾಗವನ್ನು ನುಡಿಸುವವನಿಗೆ ಅದೇ ಗಾಂಧಾರ ಹಂಗಾಗುತ್ತದೆ.

ಪೆಡಲಿನ ವಿಷಯವೂ ಇಲ್ಲಿಯೇ ಇತ್ಯರ್ಥವಾಗುತ್ತದೆ. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸನ ಹಾಡೊಂದರಲ್ಲಿ ಬಡ್ ಐಸಾಕ್ಸನು, ತಂತಿ ನುಡಿಯುತ್ತಿರುವಾಗಲೇ ಪೆಡಲನ್ನು ತುಳಿದು ಸ್ವರವನ್ನು ಏರಿಸಿದನು; ಅಲ್ಲಿಂದ ಮುಂದೆ ಆ ಜಾರು ಧ್ವನಿಯೇ ವಾದ್ಯದ ಗುರುತಾಯಿತು. ಇಂದು ಬಳಕೆಯಲ್ಲಿರುವ, ‘ಇ ನೈನ್ತ್’ ಎಂದು ಕರೆಯಲಾಗುವ ಹತ್ತು ತಂತಿಗಳ ಮೇಳದಲ್ಲಿ, ‘ಇ’ಯನ್ನು ಷಡ್ಜವೆಂದು ಹಿಡಿದರೆ, ಒಂದು ಪೆಡಲು ಪಂಚಮವನ್ನು ಧೈವತಕ್ಕೆ ಏರಿಸುತ್ತದೆ, ಇನ್ನೊಂದು ಗಾಂಧಾರವನ್ನು ಮಧ್ಯಮಕ್ಕೆ. ಒಂದು ಗುಚ್ಛದಿಂದ ಇನ್ನೊಂದಕ್ಕೆ ಹೋಗಲು ಇದು ಸೊಗಸಾದ ಉಪಾಯ. ಆದರೆ ಪೆಡಲಿನ ಜಾರಿಕೆಗೆ ಮೊದಲೂ ಕೊನೆಯೂ ಯಂತ್ರದಲ್ಲಿಯೇ ಗೊತ್ತಾಗಿವೆ. ಮೀಂಡಿನಲ್ಲಿ ಎಲ್ಲಿ ತಡೆಯಬೇಕು, ಎಷ್ಟು ತೂಗಬೇಕು ಎಂಬುದನ್ನು ಕೈ ಆಯಾ ಗಳಿಗೆಯಲ್ಲಿ ತೀರ್ಮಾನಿಸುತ್ತದೆ. ಜಾರಿಸುವ ಉಕ್ಕು ಕೈಯಲ್ಲಿರುವಾಗ ನಮಗೆ ಕಾಲಿನ ಸಹಾಯ ಬೇಕಾದೀತೆಂದು ನನಗೆ ತೋರುವುದಿಲ್ಲ. ಈ ವಾದ್ಯವನ್ನು ರಾಗಸಂಗೀತಕ್ಕೆ ತಂದ ಬ್ರಿಜಭೂಷಣ ಕಾಬ್ರಾ ಅವರು (1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಅವರ ವಾದನವಿದೆ) ಪೆಡಲಿಲ್ಲದೆಯೇ ಅದನ್ನು ಸಾಧಿಸಿದರು.

ಹಾಗಾದರೆ ಮಾಲಕಂಸಕ್ಕೆ ಏನು ಮಾಡಬೇಕು? ಎರಡು ಷಡ್ಜಗಳನ್ನು ಧ್ರುವವೆಂದು ಇಟ್ಟು, ಮೂರು ಪಂಚಮಗಳನ್ನು ಒಂದೊಂದು ಪೂರ್ಣಸ್ವರ ಇಳಿಸಿ ಮಧ್ಯಮಕ್ಕೆ ತರಬೇಕು. ಉಳಿದ ಗಾಂಧಾರವನ್ನು ಅರ್ಧಸ್ವರ ಇಳಿಸಿದರೆ ರಾಗದ ಕೋಮಲ ಗಾಂಧಾರವಾಗುತ್ತದೆ. ಅರ್ಧಸ್ವರ ಏರಿಸಿದರೆ ಮಧ್ಯಮವಾಗುತ್ತದೆ. ಮಾಲಕಂಸದ ವಾದಿ ಮಧ್ಯಮ, ಸಂವಾದಿ ಷಡ್ಜ. ಏರಿಸಿದರೆ ವಾದ್ಯವೆಲ್ಲ ವಾದಿ–ಸಂವಾದಿಗಳಿಂದಲೇ ತುಂಬುವುದು, ಕೊನೆಯ ಎರಡು ತಂತಿಗಳು ತಂಬೂರಿಯ ಜೋಡಿಯಂತೆ ಕೂಡಿ ನುಡಿಯುವವು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಇಳಿಸಿದ ತಂತಿಗಳು ಸಡಿಲಾಗಿ ದನಿ ತುಸು ಮಂಕಾಗುತ್ತದೆ, ಕೈಗೆ ರೂಢಿಯಾದ ಸ್ಥಾನಗಳೆಲ್ಲ ಪಲ್ಲಟಗೊಳ್ಳುತ್ತವೆ. ಆದರೂ ನಾನು ಏರಿಸುವ ಪಕ್ಷವನ್ನೇ ಹಿಡಿದೆನು. ಕೋಮಲ ಗಾಂಧಾರವು ಈ ರಾಗದಲ್ಲಿ ತೂಗುವ ಸ್ವರ. ಬಿಡಿತಂತಿಯಲ್ಲಿ ಅದನ್ನು ಕಟ್ಟಿಹಾಕಿದರೆ ಸ್ಥಾನ ಸರಿಯಾಗಿದ್ದರೂ ಜೀವವಿರುವುದಿಲ್ಲವೆಂಬುದು ನನ್ನ ವಾದವಾಗಿತ್ತು.

ಬೆಂಗಳೂರಿನಲ್ಲಿ ಹುಟ್ಟಿ ಇಂದು ಎಲ್ಲೆಡೆ ಬಳಕೆಗೆ ಬಂದಿರುವ ವಿದ್ಯುನ್ಮಾನ ತಂಬೂರಿಯಲ್ಲಿ ಪಂಚಮ, ಮಧ್ಯಮ, ನಿಷಾದಗಳ ಆಯ್ಕೆಯು ಬೆರಳೊತ್ತುವ ಕೆಲಸವಾಗಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿದರು. ಅಲ್ಲಿ ಬಿರಡೆಗೂ ಕಿವಿಗೂ ನಡುವೆ ಬೇರೆ ಸಾಧನವಿರಲಿಲ್ಲ. ಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಗುಂಡಿಯನ್ನೊತ್ತುವ ವಿದ್ಯಾರ್ಥಿಯನ್ನು ‘ಇದೇ ಏಕೆ?’ ಎಂದು ಕೇಳುವವರು ಕಡಿಮೆಯಾದುದೇ ನನ್ನ ಚಿಂತೆ.

ತಿಂಗಳೊಪ್ಪತ್ತಿನ ಮೇಲೆ ಸೊರಟೂರಿನ ಆ ಹುಡುಗನು ಮತ್ತೆ ನುಡಿಸಿದನು. ಪಂಚಮಗಳನ್ನು ಮಧ್ಯಮಕ್ಕೆ ಇಳಿಸಿದ್ದನು. ಐದನೆಯ ತಂತಿಯನ್ನು ಮಾತ್ರ, ನನ್ನ ಮಾತನ್ನು ಬದಿಗಿಟ್ಟು, ಕೋಮಲ ಗಾಂಧಾರಕ್ಕೇ ಕೂಡಿಸಿದ್ದನು. ಸುಮಾರು ಅರ್ಧ ತಾಸಿನ ವಾದನದಲ್ಲಿ ಆ ಬಿಡಿತಂತಿಯನ್ನು ಅವನು ಮುಟ್ಟಿದುದು ಎರಡೇ ಸಲ. ಎರಡು ಸಲವೂ ಉಕ್ಕಿನಿಂದ ಗಾಂಧಾರವನ್ನು ಚೆನ್ನಾಗಿ ತೂಗಿಸಿ, ಕೈಯೆತ್ತಿದ ಮೇಲೆ.