ಸವೆದಷ್ಟೂ ಎದ್ದು ನಿಲ್ಲುವ ಬೆಟ್ಟ

ಹಿರೇಹಳ್ಳಿ ಬಯಲಿನಿಂದ ನಮಗೆ ಕಾಣುವುದು ಶಿವಗಂಗೆಯ ಉತ್ತರದ ಮುಖ, ಹೆಡೆಯೆತ್ತಿದ ಸರ್ಪ. ಪೂರ್ವದವರಿಗೆ ಅದೇ ನಂದಿ, ಪಶ್ಚಿಮದವರಿಗೆ ಗಣಪ, ದಕ್ಷಿಣದವರಿಗೆ ಲಿಂಗ. ಬೆಟ್ಟ ನೋಡುವ ಚಟವಿದ್ದವರು ಈ ಮಾತನ್ನು ಭಕ್ತರಿಗಷ್ಟೇ ಬಿಟ್ಟುಕೊಡಬಾರದು. ಅದರಲ್ಲಿ ಭೂವಿಜ್ಞಾನವೂ ಇದೆ.

ಜ್ವಾಲಾಮುಖಿ ಉಗುಳಿದ ಕಿಟ್ಟ ಬಿದ್ದು ಬೆಳೆದ ಗುಡ್ಡವಾದರೆ ಹೊಸದರಲ್ಲಿ ಯಾವ ದಿಕ್ಕಿನಿಂದಲೂ ಬಹುಮಟ್ಟಿಗೆ ಒಂದೇ ರೂಪ, ಕಣದಲ್ಲಿ ಸುರಿದ ರಾಗಿರಾಶಿಯ ಹಾಗೆ. ಮೆಕ್ಸಿಕೋದ ಪರಿಕುಟಿನ್ 1943ರಲ್ಲಿ ಜೋಳದ ಹೊಲದಲ್ಲಿ ಹುಟ್ಟಿ, 1952ರಲ್ಲಿ ತಣ್ಣಗಾಗುವ ಹೊತ್ತಿಗೆ 424 ಮೀಟರ್ ಎತ್ತರವಾಗಿತ್ತು. ಇಂಥ ಗುಡ್ಡದ ಇಳಿಜಾರು ಮೊದಲು ಮೂವತ್ತು ಡಿಗ್ರಿಯ ಆಸುಪಾಸು. ಆಮೇಲೆ ಮಳೆ ಕೊರಕಲು ತೋಡುತ್ತದೆ, ಬಾಯಿ ತುಂಬುತ್ತದೆ, ಬುಡ ಹರಡುತ್ತದೆ. ಮೊಂಡಾದಷ್ಟೂ ವಯಸ್ಸು ಹೆಚ್ಚು.

ನಮ್ಮ ಕಡೆ ಲೆಕ್ಕ ತಿರುಗುಮುರುಗು. ಶಿವಗಂಗೆ, ದೇವರಾಯನದುರ್ಗ ಎರಡೂ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯವು; ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ ಕಲ್ಲು ಇದು, ಉಗುಳಿದ್ದಲ್ಲ. ಮೇಲಿನ ಭಾರ ಸವೆದು ಹೋದಾಗ ಬಂಡೆ ಸಡಿಲಗೊಂಡು, ಮೈಗೆ ಸಮಾನಾಂತರವಾಗಿ ಪದರ ಪದರ ಬಿಟ್ಟಿತು. ಕಲ್ಲುಕೆಲಸದವರು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದುದೂ ಇದೇ ಗುಣ ನಂಬಿ. ಹೊಲದ ಬೇಲಿಗೆ ನೆಟ್ಟ ಕಲ್ಲಿನಲ್ಲೂ ನನಗೆ ಬೆಟ್ಟದ ಸಿಪ್ಪೆಯೇ ಕಾಣುತ್ತದೆ.

ಗುಂಡುಗಳ ಕಥೆ ಇನ್ನೂ ಸೊಗಸು. ಅವು ಉರುಳಿ ದುಂಡಗಾದವು ಎಂದು ಬಹಳ ಜನ ತಿಳಿದಿದ್ದಾರೆ. ಮಣ್ಣಿನಡಿಯಲ್ಲೇ ಬಿರುಕಿನೊಳಗೆ ನೀರಿಳಿದು ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಬೆಣಚಿನ ಹರಳು ಗರಸಾಗಿ ಉಳಿಯುತ್ತದೆ. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೊದಲು ಕೊಳೆಯುವುದು ಮೂಲೆಯೇ. ಚೌಕದ ಕಲ್ಲು ಕೂತಲ್ಲೇ ದುಂಡಗಾಗುತ್ತದೆ. ಗರಸು ಕೊಚ್ಚಿಹೋದ ಮೇಲೆ ಗುಂಡು ಹೊರಬೀಳುತ್ತದೆ. ಬಿರುಕು ಕಡಿಮೆ ಇರುವ ಕಡೆ ಬಂಡೆ ಜಗ್ಗದೆ ನಿಲ್ಲುತ್ತದೆ, ಸುತ್ತಲಿನ ನೆಲವೇ ಬೇಗ ತಗ್ಗುತ್ತದೆ. ಹೀಗೆ ಕಾಲ ಕಳೆದಷ್ಟೂ ಬೆಟ್ಟ ಎದ್ದು ಕಾಣುತ್ತದೆ. ಬಿರುಕಿನ ದಿಕ್ಕು ಒಂದೊಂದು ಮಗ್ಗುಲಲ್ಲಿ ಒಂದೊಂದು ಥರ ಇದ್ದರೆ ನಂದಿ ಒಂದು ಕಡೆ, ಗಣಪ ಇನ್ನೊಂದು ಕಡೆ ಮೂಡುವುದು ಸಹಜ.

ಆದ್ದರಿಂದ ಹೊಸದಾಗಿ ಬೆಟ್ಟ ನೋಡಲು ಹೊರಟವರಿಗೆ ನಾನು ಶಿಖರ ತೋರಿಸುವುದಿಲ್ಲ. ರಸ್ತೆಗೆಂದು ಬುಡ ಕಡಿದ ಜಾಗ ಹುಡುಕಿ, ಮಳೆ ಬಿದ್ದ ಮಾರನೆಯ ದಿನ ಹೋಗಿ. ಗರಸಿನಲ್ಲಿ ಅರ್ಧ ಹುದುಗಿದ ಗುಂಡು ಸಿಕ್ಕರೆ ಅದರ ಅಂಚನ್ನು ಬೆರಳಿಂದ ಕೆರೆದು ನೋಡಿ. ಪುಡಿ ಉದುರಿದರೆ, ಕಾಗೆಬಂಗಾರದ ಚೂರು ಮಿನುಗಿದರೆ, ಕೆಲಸ ಇನ್ನೂ ನಡೆದಿದೆ.